ಒಬ್ಬನೇ ಮಗನ ಕಲಮು

ಇಡೀ ರಷ್ಯಾದ ಸೈನ್ಯವನ್ನು ಎರಡು ದಶಕ ತಿದ್ದಿ ತೀಡಿದ ಮನುಷ್ಯನಿಗೆ ಈಗ ತನ್ನ ಬೂಟು ತಾನೇ ಕಳಚಿಕೊಳ್ಳಲು ಆಗುತ್ತಿರಲಿಲ್ಲ. ಜನರಲ್ ವಿಕೆಂತಿ ಪಾವ್ಲೊವಿಚ್ ತುರೋವ್ ಕುರ್ಚಿಯಲ್ಲಿ ಕೂತು ಕಾಲು ಚಾಚುವರು. ಅವರ ಆಳು ಸಾವ್ವ ಬೆನ್ನು ತಿರುಗಿಸಿ ನಿಂತು, ಆ ಕಾಲನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎಳೆಯುವನು. ಬೂಟು ಕಳಚುವಾಗ ಇಬ್ಬರೂ ಒಟ್ಟಿಗೆ ನರಳುವರು. ಇಬ್ಬರಿಗೂ ಎಪ್ಪತ್ತರ ಆಸುಪಾಸು.

"ಈ ಬೂಟು ಹೊಲಿದೋನ್ಗೆ ಒಂದು ಪದಕ ಕೊಡಿಸ್ಬೇಕಾಗಿತ್ತು, ಮಹಾಪ್ರಭು. ತುರ್ಕರ ಕೋಟೆ ಬಿತ್ತು, ಇದು ಬೀಳಲ್ಲ."

"ಸುಮ್ನೆ ಎಳಿಯೋ."

"ಎಳೀತಾನೇ ಇವ್ನಿ. ಮಂತ್ರಿಗಿರೀನ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರೆ ಇವತ್ತು ಪೀಟರ್ಸ್‌ಬರ್ಗಲ್ಲೇ ಇರ್ತಿದ್ರಿ."

ಹೀಗೆ ಮಾತಾಡುವ ಸಲಿಗೆಯನ್ನು ಸಾವ್ವನಿಗೆ ಅವನ ಬೆನ್ನು ಸಂಪಾದಿಸಿ ಕೊಟ್ಟಿತ್ತು. ತುರೋವ್ ಕಾಕಸಸ್ ಬೆಟ್ಟಗಳಲ್ಲಿ ಮೀಸೆ ಮೂಡುತ್ತಿದ್ದ ಅಧಿಕಾರಿಯಾಗಿದ್ದಾಗ, ಒಣರೊಟ್ಟಿ ಕದ್ದನೆಂದು ಸಾವ್ವನನ್ನು ಎರಡು ಸಾಲು ಸೈನಿಕರ ನಡುವೆ ನಡೆಸಿದ್ದರು. ಪ್ರತಿಯೊಬ್ಬನ ಕೈಯಲ್ಲೂ ಹಸಿ ಬೆತ್ತ. ಜೊತೆಗೆ ಉಂಡು ಮಲಗುವ ಗೆಳೆಯರೇ ಹೊಡೆಯಬೇಕು, ಮೆಲ್ಲಗೆ ಹೊಡೆದವನಿಗೂ ಅದೇ ಗತಿ. ಅರ್ಧ ದಾರಿಯಲ್ಲಿ ಬಿದ್ದವನನ್ನು ಕೈಗಾಡಿಗೆ ಕಟ್ಟಿ ಉಳಿದ ಏಟುಗಳನ್ನು ಪೂರೈಸಿದರು. ಅವತ್ತು ಕತ್ತಿ ಹಿಡಿದು ಸಾಲಿನ ಪಕ್ಕ ನಿಂತಿದ್ದ ತುರೋವ್ ತುಟಿ ಬಿಚ್ಚಲಿಲ್ಲ. ಆದರೆ ಮರೆಯಲೂ ಇಲ್ಲ. ಯುದ್ಧಮಂತ್ರಿಯಾದ ಕೂಡಲೇ ಮೊದಲು ಮಾಡಿಸಿದ ಕೆಲಸ ಆ ಬೆತ್ತದ ಸಾಲುಗಳನ್ನು ನಿಲ್ಲಿಸಿದ್ದು. ಎರಡನೆಯ ಕೆಲಸ, ಸಾವ್ವನನ್ನು ಹುಡುಕಿಸಿ ತನ್ನ ಮನೆಗೆ ಕರೆಸಿಕೊಂಡದ್ದು.

ಅಲ್ಲಿಂದ ಮುಂದೆ ಅವರು ಮಾಡಿದ್ದಕ್ಕೆಲ್ಲ ಶತ್ರುಗಳೇ ಹುಟ್ಟಿದರು. ಸೈನಿಕನಿಗೆ ಅಕ್ಷರ ಕಲಿಸಬೇಕೆಂದರೆ, ಓದು ಬಂದವನು ಆಜ್ಞೆ ಪಾಲಿಸುವನೇ ಎಂದು ನಕ್ಕರು. ಅಧಿಕಾರಿಯಾಗಲು ವಂಶ ಸಾಲದು, ಓದು ಬೇಕೆಂದರೆ ದೊಡ್ಡ ಮನೆತನಗಳು ಹಲ್ಲು ಕಡಿದವು. ಕೊನೆಗೆ, ಸೈನ್ಯಕ್ಕೆ ಬರಿಯ ರೈತನ ಮಗನಲ್ಲ, ರಾಜಕುಮಾರನ ಮಗನೂ ವ್ಯಾಪಾರಿಯ ಮಗನೂ ಒಂದೇ ಡಬ್ಬಿಯಿಂದ ಚೀಟಿ ಎತ್ತಬೇಕೆಂಬ ಕಾನೂನು ತಂದಾಗ, ಪೀಟರ್ಸ್‌ಬರ್ಗಿನ ಅರ್ಧ ಮನೆಗಳ ಬಾಗಿಲು ಅವರಿಗೆ ಮುಚ್ಚಿಕೊಂಡಿತು. ಹಳೆಯ ಚಕ್ರವರ್ತಿ ಇರುವಷ್ಟು ದಿನ ಹೇಗೋ ನಡೆಯಿತು. ಅವರು ಬಾಂಬಿಗೆ ಬಲಿಯಾದ ಮೇಲೆ ಹೊಸ ಚಕ್ರವರ್ತಿ ತುರೋವ್‌ರ ಕೊರಳಿಗೆ ಒಂದು ವಜ್ರದ ಪದಕ ಹಾಕಿ, ವಿಶ್ರಾಂತಿ ತಗೊಳ್ಳಿ ಎಂದರು. ಆ ಪದಕ ಈಗ ಪೆಟ್ಟಿಗೆಯಲ್ಲಿತ್ತು. ತುರೋವ್ ಓಕಾ ನದಿಯ ಮೇಲ್ದಂಡೆಯ ಈ ಸಣ್ಣ ಜಮೀನಿನಲ್ಲಿ ಸೇಬಿನ ಗಿಡಗಳಿಗೆ ಹುಲ್ಲು ಸುತ್ತಿಸುತ್ತ ಕೂತಿದ್ದರು. ಪತ್ರಿಕೆಗಳು ಬರುತ್ತಿದ್ದವು. ತಾವು ಕಟ್ಟಿದ್ದನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೀಳುತ್ತಿರುವ ಸುದ್ದಿ ಅವುಗಳಲ್ಲಿ ಇರುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ನಿದ್ದೆ ಬರುತ್ತಿತ್ತು.

ಆ ನವೆಂಬರಿನ ಒಂದು ಮಧ್ಯಾಹ್ನ ಎಲೆಕೋಸಿನ ಸಾರಿಗೆ ಉಪ್ಪೇ ಇರಲಿಲ್ಲ.

"ಉಲ್ಯಾನಾ, ಇದಕ್ಕೆ ಉಪ್ಪು ಹಾಕಿದೀಯಾ?"

ಅಡುಗೆಯ ಉಲ್ಯಾನ ಬಾಗಿಲ ಬಳಿ ನಿಂತಿದ್ದಳು. ಗಟ್ಟಿಮುಟ್ಟಾದ ವಿಧವೆ, ನದಿಯಲ್ಲಿ ಮರದ ದಿಮ್ಮಿ ಸಾಗಿಸುತ್ತಿದ್ದ ಗಂಡ ನಜಾರ್ ಅದೇ ನದಿಯ ಪಾಲಾದ ಮೇಲೆ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವಳು. ಅಡುಗೆಮನೆಯಲ್ಲಿ ಅವಳ ಬಾಯಿಗೆ ಸಾವ್ವನೂ ಹೆದರುತ್ತಿದ್ದ. ಇವತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು.

"ಹಾಕಿಲ್ವಾ? ನನ್ನ ಕೈ ಸೇದೋಗ." ಅಷ್ಟು ಹೇಳಿ ಅವಳು ಹಾಗೇ ನೆಲಕ್ಕೆ ಮೊಣಕಾಲೂರಿದಳು. "ನಮ್ಮಪ್ಪಾ, ವಿಕೆಂತಿ ಪಾವ್ಲಿಚ್. ಮಂಗಳವಾರ ನಮ್ಮ ಯೆರ್ಮಿಲ್ ಚೀಟಿ ಎತ್ಬೇಕಂತೆ."

ತುರೋವ್ ಚಮಚ ಕೆಳಗಿಟ್ಟರು. ಇದು ಅವರು ನೂರಾರು ಸಲ ಕೇಳಿದ ಮಾತು. ರೇಷ್ಮೆಯುಟ್ಟ ಹೆಂಗಸರೂ ಕುರಿತುಪ್ಪಳದ ಕೋಟು ತೊಟ್ಟ ಹೆಂಗಸರೂ ಇದೇ ಮಾತು ಹಿಡಿದು ಬಂದಿದ್ದರು. ಸ್ವಂತ ತಂಗಿ ಬಂದಿದ್ದಳು, ತನ್ನ ಹಿರಿಯ ಮಗನನ್ನು ರಾಜಧಾನಿಯ ಯಾವುದಾದರೂ ಕಚೇರಿಯಲ್ಲಿ ಕೂರಿಸು ಅಣ್ಣ ಎಂದು. ಆಗುವುದಿಲ್ಲ ಎಂದಿದ್ದರು. ಹುಡುಗ ತುರ್ಕರ ಯುದ್ಧಕ್ಕೆ ಹೋದ, ಬಾಲ್ಕನ್ ಕಣಿವೆಯ ಹಿಮದಲ್ಲಿ ಉಳಿದುಬಿಟ್ಟ. ತಂಗಿ ಇವತ್ತಿಗೂ ಪತ್ರ ಬರೆಯುವುದಿಲ್ಲ.

"ಎತ್ತಲಿ ಉಲ್ಯಾನಾ. ಎಲ್ಲರ ಮಕ್ಕಳೂ ಎತ್ತುತ್ತಾರೆ. ಎದ್ದೇಳು. ದೊಡ್ಡ ಸಂಖ್ಯೆ ಬಂದ್ರೆ ಮನೆಗೆ ಬರ್ತಾನೆ."

"ಸಣ್ಣದು ಬಂದ್ರೆ?"

"ಆರು ವರ್ಷ. ಮೊದಲು ಇಪ್ಪತ್ತೈದಿತ್ತು."

"ಆರು ವರ್ಷ ಅಂತ ಬಾಯಲ್ಲಿ ಹೇಳೋದು ಸಲೀಸು," ಎಂದಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಒಬ್ಬನೇ ಮಗ ಆದ್ರೆ ಬಿಟ್ಬಿಡ್ತಾರಂತಲ್ಲ. ನಿಜವಾ?"

"ನಿಜ. ವಿಧವೆಯ ಒಬ್ಬನೇ ಮಗನನ್ನ ಮುಟ್ಟೋ ಹಾಗಿಲ್ಲ ಅಂತ ಕಾನೂನಲ್ಲೇ ಒಂದು ಕಲಮು ಇದೆ. ನಿನಗೆ ತಿಖೋನೂ ಇದಾನಲ್ಲ. ಹದಿನೆಂಟಾಯ್ತು ಅವನಿಗೆ, ಉಳ್ತಾನೆ, ಕುಯ್ತಾನೆ. ಇಬ್ಬರಿದ್ರೆ ಅದು ನಿನಗೆ ಅನ್ವಯಿಸೋದಿಲ್ಲ."

"ಇಬ್ರಿಲ್ಲ ಕಣಪ್ಪ ನಂಗೆ."

ಕೋಣೆ ಕಾಯಿಸುವ ಒಲೆಯ ಹಿಂದೆ ಬೂಟಿಗೆ ಎಣ್ಣೆ ತಿಕ್ಕುತ್ತಿದ್ದ ಸಾವ್ವನ ಕೈ ನಿಂತಿತು.

ಉಲ್ಯಾನ ನೆಲದ ಮೇಲೆ ಕೂತು ಹೇಳಿದಳು. ಕಾಲರಾ ಬಂದ ಬೇಸಗೆ. ಗಂಡನ ಪಲ್ಟಣ ಹುಡುಕಿಕೊಂಡು ಹೊರಟಿದ್ದ ಒಬ್ಬ ಸಿಪಾಯಿಯ ಹೆಂಡತಿ ಇವರ ಸ್ನಾನದ ಗುಡಿಸಲಿನಲ್ಲಿ ಹೆತ್ತು, ಅಲ್ಲೇ ಸತ್ತಳು. ಗಂಡುಕೂಸು ಬದುಕಿತ್ತು. ಅದಕ್ಕೆರಡು ದಿನ ಮೊದಲು ಉಲ್ಯಾನಳಿಗೂ ಹೆರಿಗೆಯಾಗಿತ್ತು. ಅವಳ ಹೆಣ್ಣುಕೂಸು ಉಳಿದಿರಲಿಲ್ಲ. ಸೂಲಗಿತ್ತಿಯೂ ಅದೇ ವಾರ ಹೋದಳು. ಯಾರೂ ಯಾರ ಮನೆಗೂ ಹೋಗದ ದಿನಗಳು.

"ಅವಾಗ ನಿಮ್ಮ ಹೊಸ ಕಾನೂನಿರ್ಲಿಲ್ಲ. ಹಳೇದು. ಊರು ಇಷ್ಟು ಜನ ಕೊಡ್ಬೇಕು ಅಂತಿತ್ತು, ಯಾರ್ನ ಕೊಡೋದು ಅಂತ ಊರೋರೇ ಕೂತು ಮಾತಾಡೋರು. ಅನಾಥ ಗಂಡುಮಗು ಸಿಕ್ರೆ ಹಬ್ಬ ಅವ್ರಿಗೆ. ಮನೆಮನೇಲೂ ಒಂದು ತುತ್ತು ಹಾಕಿ ಬೆಳೆಸೋದು, ವಯಸ್ಸಿಗೆ ಬಂದ್ಮೇಲೆ ತಮ್ಮ ಮಕ್ಕಳ ಬದ್ಲು ತಳ್ಳೋದು. ಆ ಕೂಸ್ನ ನೋಡ್ದೆ. ನಂಗೆ ಹಾಲು ಸೋರ್ತಿತ್ತು. ನಜಾರ್‌ಗೆ ಹೇಳ್ದೆ, ಇದು ನಮ್ದು ಅಂದ್ಬಿಡಣ ಅಂತ. ನನ್ನ ಹೆಣ್ಣುಮಗೀನ ಆ ಹೆಂಗ್ಸಿನ ಪಕ್ಕ ಮಲಗ್ಸಿ, ಅವಳದೇ ಅಂತ ಮಣ್ಣು ಮಾಡಿದ್ವಿ. ಪಾದ್ರಿಯಪ್ಪ ತಿಖೋನ್ ಅಂತ ನಮ್ಮ ಹೆಸರಿಗೇ ಬರ್ಕೊಂಡ್ರು."

"ಅವನಿಗೆ ಗೊತ್ತಾ?"

"ಯಾರ್ಗೂ ಗೊತ್ತಿಲ್ಲ. ನಜಾರ್ ಹೋದ, ಪಾದ್ರಿ ಹೋದ್ರು. ಯೆರ್ಮಿಲ್ ಆವಾಗ ಮೂರು ವರ್ಷದೋನು." ಅವಳು ಮುಖ ಒರೆಸಿಕೊಂಡಳು. "ಪಾಪದ ಮಾತು ಆಡ್ತಿದೀನಿ, ಗೊತ್ತು. ಆದ್ರೆ ಯೆರ್ಮಿಲ್ ನನ್ನ ಹೊಟ್ಟೇಲಿ ಹುಟ್ಟಿದೋನು. ಸೊಸೆ ಬಸ್ರಿ. ನಜಾರನ ಮೋರೆ ಇನ್ನೆಲ್ಲೂ ಉಳಿದಿಲ್ಲ, ಅವನಲ್ಲೇ ಇರೋದು. ನಾನು ಹೇಳಿದ್ರೆ ಅಲ್ಲಿ ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ."

ತುರೋವ್ ತಣ್ಣಗಾದ ಸಾರನ್ನು ನೋಡುತ್ತ ಕೂತರು. ಅವರ ಕಣ್ಣ ಮುಂದೆ ಇದ್ದದ್ದು ಸಾರಲ್ಲ, ಹಸಿರು ಬಟ್ಟೆ ಹಾಸಿದ ಒಂದು ಉದ್ದನೆಯ ಮೇಜು. ಒಬ್ಬನೇ ಮಗನ ಕಲಮಿಗಾಗಿ ಆ ಮೇಜಿನ ಸುತ್ತ ವಾರಗಟ್ಟಲೆ ಕಿತ್ತಾಡಿದ್ದರು. ಎದುರಿಗಿದ್ದ ಒಬ್ಬ ಮುದಿ ರಾಜಕುಮಾರ ನಶ್ಯ ಏರಿಸುತ್ತ ಹೇಳಿದ್ದ: "ಈ ಕಲಮು ಬರಲಿ, ಜನರಲ್ ಅವರೇ. ಮಾರನೇ ದಿನಾನೇ ರಷ್ಯಾದ ಪ್ರತಿಯೊಬ್ಬ ರೈತ ಹೆಂಗಸಿಗೂ ಒಬ್ಬನೇ ಮಗ ಇರ್ತಾನೆ." ಸಭೆಗೆ ಸಭೆಯೇ ನಕ್ಕಿತ್ತು. ಆಗ ತುರೋವ್ ಎದ್ದು ನಿಂತು, ಒಂದು ಸಾಲು ಕಾನೂನಿಗಾಗಿ ಮಗನನ್ನು ಮಗನಲ್ಲ ಎನ್ನುವ ತಾಯಿ ಈ ದೇಶದಲ್ಲಿ ಇಲ್ಲ ಎಂದಿದ್ದರು. ನಗು ನಿಂತಿತು. ಕಲಮು ಉಳಿಯಿತು. ಬದುಕಿನಲ್ಲಿ ಆಡಿದ ಮಾತುಗಳಲ್ಲಿ ಅವರಿಗೆ ನಿಜವಾಗಿ ಹೆಮ್ಮೆಯಿದ್ದದ್ದು ಅದೊಂದರ ಬಗ್ಗೆ.

ಈಗ ಆ ತಾಯಿ ಅವರ ಊಟದ ಕೋಣೆಯ ನೆಲದ ಮೇಲೆ ಕೂತಿದ್ದಳು.

ಅವರಿಗೆ ಸಿಟ್ಟು ಬರಲಿಲ್ಲ. ಆಯಾಸವಾಯಿತು. ಎಂತಹ ಆಯಾಸವೆಂದರೆ, ಇನ್ನೊಂದು ಸಲ 'ಆಗುವುದಿಲ್ಲ' ಎನ್ನುವ ತ್ರಾಣವೂ ಅವರಲ್ಲಿ ಉಳಿದಿರಲಿಲ್ಲ. ಇಷ್ಟು ವರ್ಷ ನ್ಯಾಯ ನ್ಯಾಯ ಎಂದು ಬಡಿದಾಡಿ ಯಾರಿಗೆ ಏನು ಸಿಕ್ಕಿತು? ತಂಗಿಗೆ ಮಗನ ಸಮಾಧಿಯೂ ಸಿಗಲಿಲ್ಲ. ಹೆಸರನ್ನು ಇಷ್ಟು ಜೋಪಾನವಾಗಿ ಕಾಪಾಡಿ ಈಗ ಅದನ್ನು ಎಲ್ಲಿಗೆ ಒಯ್ಯಬೇಕು?

"ನೀನು ಹೇಳ್ತಿರೋದು ಸುಳ್ಳಲ್ಲ," ಎಂದರು ಕೊನೆಗೆ. "ನಿಜಾನೇ. ಅಲ್ಲಿ ಚೀಟಿ ಎತ್ತಿಸೋ ಅಧ್ಯಕ್ಷ ಕೇಳಿದಾಗ ಮುಂದೆ ಬಂದು, ತಿಖೋನ್ ನನ್ನ ಮಗ ಅಲ್ಲ, ಸಾಕಿದ್ದು ಅನ್ನು. ಅಷ್ಟೇ ಸಾಕು. ನಾನು ಬರ್ತೀನಿ. ನನಗೆ ಗೊತ್ತು, ನಂಬಿದೀನಿ ಅಂತ ಹೇಳ್ತೀನಿ."

ಉಲ್ಯಾನ ಅವರ ಕೈಗೆ ಮುತ್ತಿಡಲು ಬಂದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

ಅವಳು ಹೋದ ಮೇಲೆ ಸಾವ್ವ ಒಲೆಯ ಹಿಂದಿನಿಂದ ಬಂದ. ಬೂಟು ಕೈಯಲ್ಲೇ ಇತ್ತು.

"ನನ್ನನ್ನೂ ಹಂಗೇ ಬೆಳೆಸಿದ್ದು ನಮ್ಮೂರೋರು. ಮನೆಗೊಂದು ತುತ್ತು. ಪಲ್ಟಣಕ್ಕೆ ಅಂತ ನನ್ನ ಹಣೆಗೂದಲು ಬೋಳಿಸಿ ಗಾಡಿ ಹತ್ತಿಸಿದ ದಿನ, ಊರೆಲ್ಲ ಕುಡ್ದು ಕುಣೀತು. ಅಳೋರು ಒಬ್ರಿರ್ಲಿಲ್ಲ."

"ಗೊತ್ತು ಸಾವ್ವ."

"ಏನ್ಗೊತ್ತು? ಈ ತಿಖೋನ್‌ಗೆ ಇವತ್ತಿನ್ ತನಕ ತಾಯಿ ಅವ್ಳೆ. ಮಂಗಳವಾರದಿಂದ ಇರಲ್ಲ. ಭೇಷಾಗೈತೆ ನಿಮ್ಮ ಕಾನೂನು, ಮಹಾಪ್ರಭು. ನಮ್ಮ ಕಾಲದಲ್ಲಿ ತಾಯಿ ಇಲ್ದೋರ್ನ ಹಿಡ್ಕೊಂಡು ಹೋಗೋರು. ಈಗ ತಾಯಿ ಇರೋರ್ನೂ ಇಲ್ದೋರ್ನ ಮಾಡ್ತಾರೆ."

ತುರೋವ್ ಸಾರಿನ ತಟ್ಟೆ ದೂರ ಸರಿಸಿ ಎದ್ದು ಹೋದರು.

ಆ ದಿನದಿಂದ ಮಂಗಳವಾರದವರೆಗೆ ಊರಿನಲ್ಲಿ ಹುಡುಗರದೇ ರಾಜ್ಯ. ಚೀಟಿ ಎತ್ತುವ ಹುಡುಗರನ್ನು ಆ ದಿನಗಳಲ್ಲಿ ಯಾರೂ ಬೈಯುವ ಹಾಗಿಲ್ಲ. ಟೋಪಿಗೆ ಬಣ್ಣದ ರಿಬ್ಬನ್ ಕಟ್ಟಿಕೊಂಡು, ಕುಡಿದು, ಎದೆಗೆ ತೂಗುಹಾಕಿ ನುಡಿಸುವ ಸಣ್ಣ ಹಾರ್ಮೋನಿಯಂ ಹಿಡಿದುಕೊಂಡು ಬೀದಿ ಬೀದಿ ಅಲೆಯುತ್ತಾರೆ. ಯಾರ ಬೇಲಿ ಮುರಿದರೂ ಮಾಫಿ. ಯೆರ್ಮಿಲ್ ಕುಡಿಯುವ ಜಾತಿಯಲ್ಲ, ಕೆನ್ನೆ ಕೆಂಪಾಗಿಸಿಕೊಂಡು ಸುಮ್ಮನೆ ನಡೆಯುತ್ತಿದ್ದ. ಹಾರ್ಮೋನಿಯಂ ನುಡಿಸುತ್ತಿದ್ದವನು ತಿಖೋನ್. ಅಣ್ಣನಿಗಿಂತ ಒಂದು ಗೇಣು ಎತ್ತರ, ನಸುಗೆಂಪು ಕೂದಲು, ಮುಖದ ತುಂಬ ಮಚ್ಚೆ. ಮನೆಯಲ್ಲಿ ಯಾರ ಹಾಗೂ ಇಲ್ಲವಲ್ಲ ಎಂದು ಊರಿನವರು ತಮಾಷೆ ಮಾಡಿದರೆ, ನಾನು ಒಲೇಲಿ ಜಾಸ್ತಿ ಬೆಂದಿದ್ದು ಎಂದು ಅವನೇ ನಗುತ್ತಿದ್ದ.

ಮಂಗಳವಾರ ಬೆಳಿಗ್ಗೆ ಜಾರುಬಂಡಿಯ ಬಳಿ ಉಲ್ಯಾನ ಅವನ ದಾರಿಗೆ ಅಡ್ಡ ನಿಂತಳು.

"ನೀನು ಬರ್ಬೇಡ. ಹಸು ನೋಡ್ಕೊ."

"ಹಸು ಏನು ಪಲ್ಟಣಕ್ಕೆ ಹೋಗ್ತದಾ? ಅಣ್ಣನ ಟೋಪಿ ಯಾರು ಹಿಡ್ಕೊಳೋದು?"

ಆ ಕಡೆಯಲ್ಲಿ ಹಾಗೊಂದು ನಡವಳಿಕೆ. ಚೀಟಿ ಎತ್ತುವವನು ಬರಿದಲೆಯಲ್ಲಿ ಹೋಗಬೇಕು, ಅವನ ಟೋಪಿಯನ್ನು ಒಡಹುಟ್ಟಿದವನು ಎದೆಗೆ ಒತ್ತಿ ಹಿಡಿದಿರಬೇಕು. ಬೇರೆ ರಕ್ತದ ಕೈಗೆ ಕೊಟ್ಟರೆ ಸಣ್ಣ ಸಂಖ್ಯೆ ಬರುತ್ತದೆಂದು ಎಲ್ಲರೂ ನಂಬಿದ್ದರು. ಒಡಹುಟ್ಟಿದವರಿಲ್ಲದ ಹುಡುಗರು ಟೋಪಿಯನ್ನು ತಾಯಿಯ ಮಡಿಲಿಗೆ ಹಾಕುತ್ತಿದ್ದರು. ಉಲ್ಯಾನ ಅವನ ತೋಳು ಹಿಡಿಯಲು ಕೈ ಚಾಚಿದಳು. ತಿಖೋನ್ ಆಗಲೇ ಅಣ್ಣನ ಜೊತೆ ಬೇರೆ ಬಂಡಿ ಹತ್ತಿ ಕೂತಿದ್ದ.

ತಾಲ್ಲೂಕು ಪಟ್ಟಣದ ಪುರಸಭೆಯ ಹಜಾರದಲ್ಲಿ ಒದ್ದೆ ಕುರಿಚರ್ಮ, ಬೆಳ್ಳುಳ್ಳಿ, ಹೆಂಡ ಎಲ್ಲದರ ವಾಸನೆ ಕಲಸಿ ಉಸಿರು ಕಟ್ಟುತ್ತಿತ್ತು. ಹೊಸ ಚಕ್ರವರ್ತಿಯ ಪಟದ ಕೆಳಗೆ ಮೇಜು, ಮೇಜಿನ ಮೇಲೆ ಗಾಜಿನ ಕಿಟಕಿಯಿರುವ ತಿರುಗುವ ಡಬ್ಬಿ. ಅಧ್ಯಕ್ಷ ಲಾಚಿನೊವ್ ಆ ತಾಲ್ಲೂಕಿನ ಕುಲೀನರ ಮುಖಂಡ, ಇನ್ನೂ ನಲವತ್ತು ದಾಟದ ಸೊಗಸುಗಾರ. ತುರೋವ್ ಒಳಗೆ ಬಂದಾಗ ಅವನು ಎದ್ದು ನಿಂತ, ಇಡೀ ಹಜಾರ ಎದ್ದು ನಿಂತಿತು. ತುರೋವ್ ಅವನನ್ನು ಕಿಟಕಿಯ ಬಳಿ ಕರೆದು ವಿಷಯ ಹೇಳಿದರು.

"ನೀವು ಹೇಳಿದ ಮೇಲೆ ಪ್ರಶ್ನೆ ಎಲ್ಲಿದೆ, ವಿಕೆಂತಿ ಪಾವ್ಲೊವಿಚ್," ಎಂದ ಲಾಚಿನೊವ್. "ಆ ಹೆಂಗಸು ಒಂದು ಮಾತು ಅನ್ನಲಿ, ನೀವು ತಲೆ ಆಡಿಸಿ. ಮುಗೀತು." ಮಾತಿನಲ್ಲಿ ಗೌರವವಿತ್ತು. ಕಣ್ಣಿನಲ್ಲಿ ಮಾತ್ರ ಒಂದು ಸಣ್ಣ ಖುಷಿ. ಓ, ಕೊನೆಗೂ ನೀವೂ ನಮ್ಮ ಹಾಗೇ ಎನ್ನುವ ಖುಷಿ. ತುರೋವ್‌ರಿಗೆ ಅದು ಕಾಣಿಸಿತು. ಕಂಡರೂ ಹೋಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತರು.

ಚೀಟಿ ಎತ್ತುವುದು ಶುರುವಾಯಿತು. ಹಿಟ್ಟಿನ ವ್ಯಾಪಾರಿಯ ಮಗ ಬಂದ, ಪಾರಾದ. ಒಬ್ಬ ಜಮೀನ್ದಾರನ ಮಗ ಬಂದ, ಕನ್ನಡಕದವನು, ಸಣ್ಣ ಸಂಖ್ಯೆ ಎತ್ತಿದ. ಉಣ್ಣೆಯ ಮೇಲಂಗಿಯಲ್ಲಿ ಮುಖ ಹುದುಗಿಸಿಕೊಂಡು ಅವನ ತಾಯಿ ಅತ್ತಳು. ಕುರಿಚರ್ಮದವರೆಲ್ಲ ಬಾಯಿ ತೆರೆದು ನೋಡಿದರು, ದೊಡ್ಡ ಮನೆಯವರೂ ಹೀಗೆ ಅಳುವುದನ್ನು ಅವರು ಕಂಡದ್ದು ಕಡಿಮೆ. ಇದೇ ದೃಶ್ಯಕ್ಕಾಗಿ ತುರೋವ್ ತಮ್ಮ ಆಯುಷ್ಯದ ಒಳ್ಳೆಯ ವರ್ಷಗಳನ್ನು ಸುಟ್ಟುಕೊಂಡಿದ್ದರು. ನೋಡಿದರೆ ಈಗ ಏನೂ ಅನ್ನಿಸಲಿಲ್ಲ. ಸೊಂಟ ನೋಯುತ್ತಿತ್ತು.

"ಯೆರ್ಮಿಲ್, ನಜಾರನ ಮಗ!"

ಯೆರ್ಮಿಲ್ ಟೋಪಿ ತೆಗೆದು ತಿಖೋನ್‌ನ ಕೈಗೆ ಕೊಟ್ಟ. ತಿಖೋನ್ ಅದನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡ. ಬಿಟ್ಟರೆ ಹಾರಿಹೋಗುತ್ತದೆಯೇನೋ ಎನ್ನುವ ಹಾಗೆ ಹಿಡಿದಿದ್ದ. ಕಣ್ಣು ಮುಚ್ಚಿದ್ದ, ತುಟಿ ಅಲುಗುತ್ತಿತ್ತು. ಅಣ್ಣನಿಗೆ ದೊಡ್ಡ ಸಂಖ್ಯೆ ಬರಲೆಂದು ಅವನು ಬೇಡಿಕೊಳ್ಳುತ್ತಿರುವುದು ಹಜಾರದ ಈ ತುದಿಗೂ ತಿಳಿಯುತ್ತಿತ್ತು.

"ತಾಯಿ ವಿಧವೆ ಉಲ್ಯಾನ," ಎಂದ ಲಾಚಿನೊವ್, ತುರೋವ್‌ರತ್ತ ಒಮ್ಮೆ ನೋಡಿ. "ಇಲ್ಲಿ ಇಬ್ಬರು ಗಂಡುಮಕ್ಕಳು ಅಂತ ಇದೆ. ಮುಂದೆ ಬಾಮ್ಮ. ಈ ವಿಷಯದಲ್ಲಿ ನೀನೇನೋ ಹೇಳ್ಬೇಕಂತೆ."

ಉಲ್ಯಾನ ಮುಂದೆ ಬಂದಳು. ತಲೆವಸ್ತ್ರ ಸರಿಮಾಡಿಕೊಂಡಳು. ನಾಲ್ಕು ದಿನದಿಂದ ರೊಟ್ಟಿ ತಟ್ಟುತ್ತ, ಪಾತ್ರೆ ತೊಳೆಯುತ್ತ ಅವಳು ಒಂದೇ ಮಾತನ್ನು ಗಟ್ಟಿಮಾಡಿಕೊಳ್ಳುತ್ತಿದ್ದದ್ದನ್ನು ತುರೋವ್ ಕೇಳಿಸಿಕೊಂಡಿದ್ದರು.

"ನಮ್ಮಪ್ಪಾ, ಆ ತಿಖೋನ್..." ಎಂದಳು.

ತನ್ನ ಹೆಸರು ಕೇಳಿ ತಿಖೋನ್ ಕಣ್ಣು ಬಿಟ್ಟ. ಅಮ್ಮ ಬೈಯುತ್ತಾಳೇನೋ ಎಂದು, ಟೋಪಿಯನ್ನು ಇನ್ನಷ್ಟು ಸರಿಯಾಗಿ ಹಿಡಿದು, ನೋಡು, ಸರಿಯಾಗೇ ಹಿಡಿದಿದ್ದೇನೆ ಎನ್ನುವ ಹಾಗೆ ಅವಳಿಗೆ ತೋರಿಸಿದ.

ಉಲ್ಯಾನ ಅವನನ್ನೇ ನೋಡಿದಳು.

"ಹೇಳಮ್ಮ, ಏನು ತಿಖೋನ್?"

"ಕಿರಿ ಮಗ," ಎಂದಳು ಉಲ್ಯಾನ. ಅವಳ ದನಿ ಒಮ್ಮೆಲೇ ಏರಿತು, ಅಡುಗೆಮನೆಯಲ್ಲಿ ಸಾವ್ವನ ಮೇಲೆ ರೇಗುವಾಗ ಏರುವಂತೆ. "ನನ್ನ ಕಿರಿ ಮಗ! ಕಾಲರಾ ವರ್ಷದಲ್ಲಿ ಹೆತ್ತಿದ್ದು. ಇಬ್ರೂ ನನ್ನವ್ರೇ. ಯಾರಾದ್ರೂ ಬ್ಯಾರೆ ಅಂದ್ರೆ ಅವ್ರ ನಾಲಿಗೆ ಬಿದ್ದೋಗ! ಬರ್ಕೊಳಿ!" ಮೂಲೆಯ ದೇವರ ಪಟದ ಕಡೆ ತಿರುಗಿ ಶಿಲುಬೆಯ ಗುರುತು ಹಾಕಿಕೊಂಡಳು.

ಲಾಚಿನೊವ್ ಗೊಂದಲಗೊಂಡು ಗೋಡೆಯತ್ತ ನೋಡಿದ. "ಜನರಲ್ ಅವರೇ, ತಾವು ಏನೋ ಹೇಳ್ಬೇಕು ಅಂದಿದ್ರಿ?"

ತುರೋವ್ ಎದ್ದರು. ಏಳಲು ಹೊತ್ತು ಹಿಡಿಯಿತು. ನಿಜ ಅವರಿಗೆ ಗೊತ್ತಿತ್ತು. ಒಂದು ಮಾತು ಸಾಕಾಗಿತ್ತು, ಯೆರ್ಮಿಲ್ ಮನೆಯಲ್ಲೇ ಉಳಿಯುತ್ತಿದ್ದ. ಸರ್ಕಾರದ ಮೇಜಿನ ಮುಂದೆ ನಿಂತು ನಿಜ ಮುಚ್ಚಿಟ್ಟವರೇ ಅಲ್ಲ ಅವರು. ಅದಕ್ಕಾಗಿಯೇ ಹಾಳಾದವರು. ಬಸುರಿ ಸೊಸೆ ಬಾಗಿಲ ಹತ್ತಿರ ನಿಂತಿದ್ದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಇಲ್ಲ," ಎಂದರು ತುರೋವ್. "ನಾನು ಸುಮ್ಮನೆ ನೋಡೋಕೆ ಬಂದೆ. ತಾಯಿ ಹೇಳಿದ್ದನ್ನ ಬರ್ಕೊಳ್ಳಿ."

ಡಬ್ಬಿ ತಿರುಗಿತು. ಯೆರ್ಮಿಲ್ ಅಂಗಿಯ ತೋಳು ಮೇಲೇರಿಸಿ ಕೈ ಹಾಕಿದ. ಹನ್ನೊಂದು ಎಂದು ಕೂಗಿದರು. ತಾಲ್ಲೂಕಿನಿಂದ ನೂರಕ್ಕೂ ಮೇಲೆ ಜನ ಹೋಗಬೇಕಿತ್ತು. ಹನ್ನೊಂದು ಎಂದರೆ ಹೋದ ಹಾಗೇ. ಸೊಸೆ ಕಿರುಚಿದಳು. ಊರಿನ ಹೆಂಗಸರು ಸತ್ತವರಿಗೆ ಹಾಡುವ ಅಳುವನ್ನು ಶುರುಮಾಡಿದರು, ಹಳೆಯ ಇಪ್ಪತ್ತೈದು ವರ್ಷದ ಕಾಲದ ಅಳು. ಆರು ವರ್ಷಕ್ಕೆ ಬೇರೆ ಹಾಡನ್ನು ಯಾರೂ ಇನ್ನೂ ಕಟ್ಟಿರಲಿಲ್ಲ. ಯೆರ್ಮಿಲ್ ತಾಯಿಯ ಕಾಲಿಗೆ ಹಣೆ ಮುಟ್ಟಿಸಿ ಎದ್ದ. ತಿಖೋನ್ ಬಂದು ಟೋಪಿಯನ್ನು ಅವನ ತಲೆಗೆ ಇಟ್ಟ.

"ನಾನು ಸರಿಯಾಗೇ ಹಿಡ್ಕೊಂಡಿದ್ದೆ ಅಣ್ಣ," ಎಂದ. ಅವನ ಮಚ್ಚೆಯ ಮುಖ ಕಣ್ಣೀರಿನಲ್ಲಿ ನೆನೆದಿತ್ತು. "ಸತ್ಯವಾಗ್ಲೂ ಸಡಿಲ ಬಿಡ್ಲಿಲ್ಲ."

"ಗೊತ್ತು ಬಿಡೋ," ಎಂದು ಯೆರ್ಮಿಲ್ ಅವನ ಕುತ್ತಿಗೆ ತಬ್ಬಿದ. "ಹಾರ್ಮೋನಿಯಂ ಎಲ್ಲಿ? ಬಾ, ನುಡ್ಸು."

ಪಲ್ಟಣಕ್ಕೆ ಹೊರಡುವ ಮುಂಚೆ ಮನೆಯಲ್ಲಿರಲು ಕೆಲವು ದಿನ ಕೊಟ್ಟಿದ್ದರು. ವಾಪಸು ಬರುವಾಗ ಹುಡುಗರು ಗೆಳೆಯರ ಬಂಡಿಯಲ್ಲಿ ಸೊಸೆಯನ್ನೂ ಕೂರಿಸಿಕೊಂಡು ಮುಂದೆ ಹೋಗಿದ್ದರು. ಹಾಡು ದೂರದಿಂದ ಕೇಳಿಸುತ್ತಿತ್ತು. ಸಾವ್ವ ಬಂಡಿ ಹೊಡೆಯುತ್ತಿದ್ದ. ಉಲ್ಯಾನ ತುರೋವ್‌ರ ಎದುರು ಕೂತಿದ್ದಳು, ಅವರ ಕಾಲಿನ ಮೇಲೆ ಹೊದಿಕೆ ಜಾರಿದಾಗಲೆಲ್ಲ ಅಭ್ಯಾಸಬಲದಿಂದ ಸರಿಮಾಡುತ್ತಿದ್ದಳು.

"ನಿಮ್ಮ ಮಾತು ಮೀರಿಬಿಟ್ಟೆ ಕಣಪ್ಪ," ಎಂದಳು. "ಹೇಳ್ಬೇಕು ಅಂತಾನೇ ಹೋಗಿದ್ದೆ. ನಾಲಿಗೆ ತುದಿಗೇ ಬಂದಿತ್ತು. ಆ ಪೆದ್ದುಮುಂಡೇದು ಟೋಪಿ ಎತ್ತಿ ತೋರಿಸ್ತಲ್ಲ... ಯೆರ್ಮಿಲ್‌ನ ನಾನೇ ಕೈಯಾರ ಕೊಟ್ಬಿಟ್ಟೆ. ಸೊಸೆ ಮೊಕ ಹೆಂಗ್ ನೋಡ್ಲಿ?"

ತುರೋವ್ ಹಿಮದ ಬಯಲನ್ನು ನೋಡುತ್ತಿದ್ದರು. "ಒಂದು ಸಲ ಪೀಟರ್ಸ್‌ಬರ್ಗಲ್ಲಿ, ದೊಡ್ಡ ಸಭೇಲಿ, ನಾನು ನಿನ್ನ ಬಗ್ಗೆ ಒಂದು ಮಾತು ಹೇಳಿದ್ದೆ ಉಲ್ಯಾನಾ."

"ನನ್ನ ಬಗ್ಗೆನಾ? ಆವಾಗ ನಾನ್ಯಾರು ಅಂತಾನೇ ನಿಮ್ಗೆ ಗೊತ್ತಿರ್ಲಿಲ್ವಲ್ಲ."

"ಗೊತ್ತಿರಲಿಲ್ಲ."

"ಏನಂದಿದ್ರಿ?"

ಅವರು ಬಾಯಿ ತೆರೆದರು. ಆ ಸಭೆಯಲ್ಲಿ ಅಷ್ಟು ಗಟ್ಟಿಯಾಗಿ ಬಂದಿದ್ದ ಮಾತು ಈ ಹೆಂಗಸಿನ ಊದಿದ ಕಣ್ಣಿನ ಮುಂದೆ ಬರಲೊಲ್ಲದಾಯಿತು. ಆಡುವಾಗ ಅದಕ್ಕೆ ಬೆಲೆ ತೆರಬೇಕಾದವರು ಅವರಾಗಿರಲಿಲ್ಲ. ಮೊನ್ನೆ ಆ ಮಾತಿನಲ್ಲಿ ಅವರಿಗೇ ನಂಬಿಕೆ ಹೋಗಿತ್ತು. ಅದನ್ನು ಉಳಿಸಿಕೊಟ್ಟವಳು ಇವಳು, ಹೆತ್ತ ಮಗನನ್ನು ತೆತ್ತು.

"ಮರೆತುಹೋಯ್ತು," ಎಂದರು.

ಕುದುರೆ ಏರು ಹತ್ತತೊಡಗಿತು. ಉಲ್ಯಾನ ಕೈಗವಸಿನಲ್ಲಿ ಮೂಗು ಒರೆಸಿಕೊಂಡು, ಅತ್ತಿತ್ತ ನೋಡಿ, ಇಷ್ಟು ದಿನ ಕೇಳಲು ಹೆದರಿದ್ದನ್ನು ಕೇಳಿದಳು: "ಅಲ್ಲಿ ಅವನ್ನ ಹೊಡೀತಾರಾ?"

ತುರೋವ್‌ರ ಮನಸ್ಸಿನಲ್ಲಿ ಮುಷ್ಟಿಗಳು ಹಾದುಹೋದವು. ಬೆತ್ತದ ಸಾಲುಗಳನ್ನು ಅವರು ನಿಲ್ಲಿಸಿದ್ದರು, ನಿಜ. ಬ್ಯಾರಕ್ಕಿನ ಹಿಂದೆ, ಕುದುರೆಲಾಯದಲ್ಲಿ, ಕುಡಿದ ಹವಾಲ್ದಾರನ ಕೈಯನ್ನು ನಿಲ್ಲಿಸಲು ಆಜ್ಞೆಯ ಮೇಲೆ ಆಜ್ಞೆ ಬರೆದಿದ್ದರು. ಆ ಕೈಗಳು ಎಷ್ಟು ನಿಂತವು ಎಂಬುದು ಅವರಿಗೂ ಗೊತ್ತಿತ್ತು, ಮುಂದೆ ಬೆನ್ನು ತೋರಿಸಿ ಕೂತಿದ್ದ ಸಾವ್ವನಿಗೂ ಗೊತ್ತಿತ್ತು. ಈಗಂತೂ ಆ ಆಜ್ಞೆಗಳನ್ನು ಓದುವವರೇ ಇರಲಿಲ್ಲ.

"ಇಲ್ಲ," ಎಂದರು. "ಹೊಡೆಯೋ ಹಾಗಿಲ್ಲ."

ಉಲ್ಯಾನ ಅವರ ಮುಖವನ್ನೇ ನೋಡುತ್ತಿದ್ದಳು, ಇನ್ನೂ ಸಾಲದೆಂಬಂತೆ.

ಸಾವ್ವ ಲಗಾಮು ಜಗ್ಗಿದ. ಈಗ ಏನಾದರೂ ಚುಚ್ಚಿ ಆಡುತ್ತಾನೆ ಎಂದು ತುರೋವ್ ತಲೆ ತಗ್ಗಿಸಿ ಕಾದರು. ಅದು ಅವನ ಹಕ್ಕಾಗಿತ್ತು.

"ಇಲ್ಲ ಕಣವ್ವ, ಯಾರೂ ಹೊಡಿಯಲ್ಲ," ಎಂದ ಸಾವ್ವ, ಹಿಂದೆ ತಿರುಗದೆ. "ಅದೆಲ್ಲ ನಮ್ಮ ಕಾಲಕ್ಕೇ ಮುಗೀತು. ಇವ್ರೇ ನಿಲ್ಲಿಸಿದ್ದು."

ಉಲ್ಯಾನ ಉಸಿರು ಬಿಟ್ಟಳು. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಎಂದು ಬಾಗಿ, ಜಾರಿದ್ದ ಹೊದಿಕೆಯನ್ನು ಮತ್ತೆ ತುರೋವ್‌ರ ಮೊಣಕಾಲಿನ ಮೇಲೆ ಎಳೆದಳು. ಈ ಸಲ ಅವರ ಕೈಗೆ ಮುತ್ತಿಟ್ಟಳು, ಅವರು ಕೈ ಎಳೆದುಕೊಳ್ಳಲಿಲ್ಲ. ಅವರು ಸಾವ್ವನ ಬೆನ್ನನ್ನು ನೋಡುತ್ತಿದ್ದರು. ಅದು ಮನೆ ಬರುವವರೆಗೂ ಒಮ್ಮೆಯೂ ತಿರುಗಲಿಲ್ಲ.